ಹೋಗಿ ಬರ್ತೀನಿ ಅನ್ನೋ ಟೈಮ್ ಮಷೀನು

ವೈಜ್ಞಾನಿಕ ಸಿನೆಮಾ ಅಂದರೆ ನನಗೆ ಮೊದಲಿನಿಂದಲೂ ಹುಚ್ಚು. "ಅದೇನಲೇ, ಆಕಾಶದಾಗ ಹಾರಾಡೋದು, ಲೇಸರ್ ಗನ್ನು... ಅದರಾಗೇನೈತಿ?" ಅಂತ ಗೆಳೆಯರು ಕಿಚಾಯಿಸುತ್ತಿರುತ್ತಾರೆ. ಹಾರಾಟ, ಹೊಡೆದಾಟ ಬೇಡ ಬಿಡಿ. ಆದರೆ ನೋಡಿ ವಾರವಾದರೂ ತಲೆಯಲ್ಲಿ ಹುಳ ಬಿಟ್ಟ ಹಾಗೆ ಕೊರೆಯುವ ಕೆಲವು ಚಿತ್ರಗಳಿವೆಯಲ್ಲ, ಅವುಗಳ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ನನ್ನ ಮೆಚ್ಚಿನವುಗಳ ಪಟ್ಟಿ ಮಾಡಿದಾಗ ಒಂದು ಸಂಗತಿ ಹೊಳೆಯಿತು. ಅವುಗಳಲ್ಲಿ ಏಲಿಯನ್‌ಗಳು, ರಾಕೆಟ್ಟುಗಳು ಬರೀ ನೆಪಕ್ಕೆ. ಅಸಲಿಗೆ ಎಲ್ಲವೂ ಕಾಲದ ಬಗ್ಗೆ ಮಾತಾಡುತ್ತವೆ.

ಮೊದಲನೆಯದು ಕ್ರಿಸ್ಟೊಫರ್ ನೋಲನ್‌ನ 'ಇಂಟರ್‌ಸ್ಟೆಲ್ಲರ್' (2014). ಕಪ್ಪುಕುಳಿ, ವರ್ಮ್‌ಹೋಲ್ ಬಗ್ಗೆ ಎಲ್ಲರೂ ಬರೆದಾಗಿದೆ. ನನ್ನನ್ನು ಹಿಡಿದು ಕೂರಿಸಿದ್ದು ಅದರ ಮೊದಲ ಅರ್ಧ ಗಂಟೆ. ಎಲ್ಲಿ ನೋಡಿದರೂ ಧೂಳು, ಒಂದೊಂದೇ ಬೆಳೆಗೆ ರೋಗ ಬಂದು ಹೋಗುತ್ತಿದೆ. ಬೆಂಡೆಕಾಯಿಯ ಕೊನೆಯ ಸುಗ್ಗಿಯೂ ಮುಗಿದು ಇನ್ನು ಮೆಕ್ಕೆಜೋಳವೇ ಗತಿ. ನಾಯಕ ಕೂಪರ್ ಓದಿದ್ದು ಎಂಜಿನಿಯರಿಂಗ್, ಮಾಡುತ್ತಿರುವುದು ಒಕ್ಕಲುತನ. ಮಗನನ್ನು ಕಾಲೇಜಿಗೆ ಕಳಿಸಬೇಕು ಅಂದರೆ ಶಾಲೆಯವರು ಒಪ್ಪುವುದಿಲ್ಲ. ಈಗ ಲೋಕಕ್ಕೆ ಬೇಕಿರುವುದು ಎಂಜಿನಿಯರ್ ಅಲ್ಲ ಸ್ವಾಮೀ, ರೈತ ಅನ್ನುವ ಅರ್ಥದಲ್ಲಿ ಸಮಾಧಾನ ಹೇಳಿ ಕಳಿಸುತ್ತಾರೆ.

ಥಿಯೇಟರಿನಲ್ಲಿ ನನಗೆ ನಗು ಬಂತು. ನಮ್ಮೂರು ಸಾಲೋಟಗಿ, ಇಂಡಿ ತಾಲೂಕು. ಮಳೆ ಕೈಕೊಡುವುದು ನಮಗೆ ಸಿನೆಮಾ ಕಥೆಯಲ್ಲ. ಅಲ್ಲಿ ಮಾತು ಪೂರಾ ಉಲ್ಟಾ. "ಈ ಮಣ್ಣಾಗ ಏನೈತಿ? ನೀ ಎಂಜಿನಿಯರ್ ಆಗು" ಅಂತಲೇ ಅಪ್ಪ ನನ್ನನ್ನು ಬೆಳೆಸಿದ್ದು. ನಿಂಬೆ ಗಿಡಕ್ಕೆ ಟ್ಯಾಂಕರ್ ನೀರು ಹಾಕಿಸಿದ ವರ್ಷವೂ ನನ್ನ ಹಾಸ್ಟೆಲ್ ಫೀಜು ತಪ್ಪಲಿಲ್ಲ. ಅದೇ ಇಂಡಿ ನಿಂಬೆಗೆ ಈಗ ಜಿಐ ಗುರುತು ಸಿಕ್ಕಿದೆ. ಕೊಯ್ಯಲು ಆಳು ಸಿಗುವುದು ಮಾತ್ರ ಕಷ್ಟ. ಸೊಲ್ಲಾಪುರ, ಪುಣೆ, ಗೋವಾ ಅಂತ ದುಡಿಯುವವರೆಲ್ಲ ಹೋಗಿದ್ದಾರೆ. ನಾನು ಬೆಂಗಳೂರಿಗೆ ಬಂದಿದ್ದೇನೆ, ಅಷ್ಟೇ ವ್ಯತ್ಯಾಸ.

ಇನ್ನು ಎಲ್ಲರಿಗೂ ಗೊತ್ತಿರುವ ಆ ದೃಶ್ಯಕ್ಕೆ ಬರೋಣ. ದೈತ್ಯ ಕಪ್ಪುಕುಳಿಯ ಪಕ್ಕದ ಒಂದು ಗ್ರಹ. ಅಲ್ಲಿ ಒಂದು ಗಂಟೆ ಕಳೆದರೆ ಭೂಮಿಯಲ್ಲಿ ಏಳು ವರ್ಷ. ಕೂಪರ್ ಇಳಿದು, ಕೆಲವೇ ಗಂಟೆಗಳಲ್ಲಿ ಪಾರಾಗಿ ನೌಕೆಗೆ ಮರಳುವಷ್ಟರಲ್ಲಿ 23 ವರ್ಷ ಹೋಗಿರುತ್ತದೆ. ಮಕ್ಕಳು ಕಳಿಸಿದ ವಿಡಿಯೋಗಳನ್ನು ಒಂದೇ ಸಮನೆ ನೋಡುತ್ತಾ ಕೂರುತ್ತಾನೆ. ಮಗನಿಗೆ ಮದುವೆ, ಮಗು, ಆ ಮಗುವಿನ ಸಾವು. ಕೊನೆಗೆ ಪರದೆಯ ಮೇಲೆ ಮಗಳು ಬರುತ್ತಾಳೆ. ತನ್ನನ್ನು ಬಿಟ್ಟು ಹೋದಾಗ ಅಪ್ಪನಿಗೆ ಎಷ್ಟು ವಯಸ್ಸಿತ್ತೋ, ಈಗ ಅವಳಿಗೂ ಅಷ್ಟೇ.

ಇದು ಬರೀ ಕಟ್ಟುಕಥೆ ಅನ್ನಬೇಡಿ. ಚಿತ್ರಕ್ಕೆ ವಿಜ್ಞಾನದ ಸಲಹೆ ಕೊಟ್ಟವರು ಕಿಪ್ ಥಾರ್ನ್, 2017ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಗುರುತ್ವ ಹೆಚ್ಚಿದ್ದಲ್ಲಿ ಗಡಿಯಾರ ನಿಧಾನವಾಗುತ್ತದೆ ಅನ್ನುವುದು ಐನ್‌ಸ್ಟೈನ್ ಸಿದ್ಧಾಂತ. ನಿಮ್ಮ ಮೊಬೈಲಿನ ಮ್ಯಾಪು ನಡೆಯುವುದೂ ಆ ಲೆಕ್ಕದಿಂದಲೇ. ಜಿಪಿಎಸ್ ಉಪಗ್ರಹದ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪು ದಾರಿ!

ನನ್ನ ಕೇಸಿನಲ್ಲಿ ಕಪ್ಪುಕುಳಿ ಬೇಕಾಗಲಿಲ್ಲ, ಸಂಬಳವೇ ಸಾಕಾಯಿತು :-) ಇಲ್ಲಿ ಎರಡು ವಾರಕ್ಕೊಂದು ಸ್ಪ್ರಿಂಟು, ಮೂರು ತಿಂಗಳಿಗೊಂದು ರಿಲೀಸು. ಹಾಗೇ ವರ್ಷ ಹೋಗಿರುತ್ತದೆ. ದೀಪಾವಳಿಗೋ ಜಾತ್ರೆಗೋ ಇಂಡಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ಊರು ಮುಟ್ಟಿದರೆ ಅಪ್ಪ ಕಳೆದ ಸಲಕ್ಕಿಂತ ಅರ್ಧ ಇಂಚು ಗಿಡ್ಡ ಆಗಿರುತ್ತಾನೆ. ಅವ್ವ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆ ಹುಡುಗಿಯನ್ನು ಕರೆಯುತ್ತಾಳೆ. ಫೋನಿನಲ್ಲಿ ಇದ್ಯಾವುದೂ ಕೇಳಿಸುವುದಿಲ್ಲ. ಫೋನಿನಲ್ಲಿ ಯಾವಾಗಲೂ "ಎಲ್ಲಾ ಆರಾಮ".

ಎರಡನೆಯದು ಡೆನಿ ವಿಲ್ನವ್‌ನ 'ಅರೈವಲ್' (2016). ಟೆಡ್ ಚಿಯಾಂಗ್ 1998ರಲ್ಲಿ ಬರೆದ ನೀಳ್ಗತೆ ಇದರ ಮೂಲ. ಭೂಮಿಗೆ ಏಳು ಕಾಲಿನ ಜೀವಿಗಳು ಬಂದಿಳಿದಾಗ ಅವುಗಳ ಭಾಷೆ ಬಿಡಿಸಲು ಲೂಯಿಸ್ ಎಂಬ ಭಾಷಾತಜ್ಞೆಯನ್ನು ಕರೆಸುತ್ತಾರೆ. ಅವುಗಳ ಬರಹ ಉಂಗುರದ ಹಾಗೆ, ಮೊದಲೂ ಇಲ್ಲ ಕೊನೆಯೂ ಇಲ್ಲ. ಆ ಭಾಷೆ ಕಲಿತಂತೆ ಅವಳಿಗೆ ಮುಂದಾಗುವುದೂ ನೆನಪಿನಂತೆ ಕಾಣತೊಡಗುತ್ತದೆ. ಹುಟ್ಟಲಿರುವ ಮಗಳು ಚಿಕ್ಕ ವಯಸ್ಸಿನಲ್ಲೇ ಕಾಯಿಲೆಯಿಂದ ಸಾಯುತ್ತಾಳೆ ಎಂದು ಗೊತ್ತಿದ್ದೂ ಅವಳು ಆ ಮಗಳು ಬೇಕು ಅನ್ನುತ್ತಾಳೆ. ಭಾಷೆ ನಮ್ಮ ಯೋಚನೆಯನ್ನು ಅಷ್ಟರಮಟ್ಟಿಗೆ ಬದಲಿಸುತ್ತದೆ ಎಂದು ಇವತ್ತಿನ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ, ಇರಲಿ. ಆದರೆ ಸಿನೆಮಾ ನೋಡಿದ ಮೇಲೆ ನಾನು ನಮ್ಮ ಭಾಷೆಯ ಕಡೆ ಹೊರಳಿ ನೋಡಿದೆ.

ನಮ್ಮ ಮನೆಗಳಲ್ಲಿ ಹೊರಡುವವರು "ಹೋಗ್ತೀನಿ" ಅನ್ನಬಾರದು. ಅದು ಅಪಶಕುನ. "ಹೋಗಿ ಬರ್ತೀನಿ" ಅನ್ನಬೇಕು, ಇಲ್ಲವೇ ಬರೀ "ಬರ್ತೀನಿ". ಕಾಲು ಹೊಸ್ತಿಲು ದಾಟುತ್ತಿದೆ, ಬಾಯಿ ಆಗಲೇ ವಾಪಸ್ ಬಂದುಬಿಟ್ಟಿದೆ! ಇನ್ನೊಂದು ತಮಾಷೆ ನೋಡಿ. ಆಡುಮಾತಿನಲ್ಲಿ "ದಿನಾ ಬರ್ತೀನಿ" ಅಂದರೂ ಅದೇ ರೂಪ, "ನಾಳೆ ಬರ್ತೀನಿ" ಅಂದರೂ ಅದೇ. ಇಂದು, ನಾಳೆ ಎರಡೂ ಒಂದೇ ಕ್ರಿಯಾಪದದೊಳಗೆ. ಕೂಪರ್ ಮಗಳಿಗೆ ಕೊಟ್ಟು ಹೋಗಿದ್ದೂ ಇದೇ ಮಾತು. ಮುದುಕಿಯಾಗಿ ಆಸ್ಪತ್ರೆಯ ಹಾಸಿಗೆ ಹಿಡಿಯುವ ತನಕ ಅವಳು ಬದುಕಿದ್ದು ಆ ಒಂದು ಮಾತನ್ನು ನಂಬಿಕೊಂಡು.

ಇಂಥವಕ್ಕೆಲ್ಲ ಕೋಟಿಗಟ್ಟಲೆ ದುಡ್ಡು ಬೇಕು, ಕನ್ನಡದಲ್ಲಿ ಆಗೋದಿಲ್ಲ ಅನ್ನುವವರಿಗೆ ಎರಡು ಉದಾಹರಣೆ. ಶೇನ್ ಕರುಥ್ ಎಂಬಾತ, ಮೊದಲು ನಮ್ಮ ಹಾಗೆ ಸಾಫ್ಟ್‌ವೇರ್ ಕೆಲಸದಲ್ಲಿದ್ದವನು, ಬರೀ 7,000 ಡಾಲರಿನಲ್ಲಿ 'ಪ್ರೈಮರ್' ಮಾಡಿ 2004ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದ. ನಮ್ಮಲ್ಲೇ ಶ್ರೀನಿಧಿ ಬೆಂಗಳೂರು 2024ರಲ್ಲಿ 'ಬ್ಲಿಂಕ್' ಮಾಡಿದರು. ಕಾಲಪ್ರಯಾಣದ ಕಥೆಯೇ, ಆದರೆ ಅದರ ಒಳಗೆ ಇರುವುದು ಅಪ್ಪನನ್ನು ಹುಡುಕಿಕೊಂಡು ಹೋಗುವ ಒಬ್ಬ ಮಗ. ಯಂತ್ರ ಯಾವುದೇ ಇರಲಿ, ಎಲ್ಲರೂ ಕೊನೆಗೆ ಹೋಗಿ ನಿಲ್ಲುವುದು ಮನೆಯ ಬಾಗಿಲಿಗೇ ಅನ್ನಿಸುತ್ತದೆ.

ಕಾಲಪ್ರಯಾಣ ಅಂದೆನಲ್ಲ, ನಮ್ಮೂರಲ್ಲೇ ಅಂಥದ್ದೊಂದು ಯಂತ್ರ ಸಿಕ್ಕಿದೆ. ಒಂದು ಶಾಸನದ ಕಂಬ. ಕ್ರಿ.ಶ. 945, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಇಲ್ಲಿ, ಆಗಿನ ಪಾವಿಟ್ಟಗೆಯಲ್ಲಿ, ಒಂದು ಶಾಲೆ ಕಟ್ಟಿಸಿದ. ದೂರದ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯಲು 27 ಮನೆ, ಖರ್ಚಿಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆಂದೇ ಬೇರೆ 12 ನಿವರ್ತನ. ಶಾಲೆಯಿದ್ದ ಪಾವಿಟ್ಟಗೆಯೇ ಬಾಯಿಂದ ಬಾಯಿಗೆ ಸಾಲೋಟಗಿ ಆಯಿತು ಅನ್ನುತ್ತಾರೆ. ಅದು ವೇದ ಓದುವವರ ಶಾಲೆ. ನಮ್ಮಂಥ ಒಕ್ಕಲುತನದವರು ಬಹುಶಃ ಆ 500 ನಿವರ್ತನವನ್ನು ಉಳುತ್ತಿದ್ದವರು. ಅದು ಗೊತ್ತಿದ್ದೂ ಆ 12 ನಿವರ್ತನ ನನ್ನನ್ನು ಬಿಡುವುದಿಲ್ಲ. ಇನ್ನೂ ಹುಟ್ಟದ ಹುಡುಗರು ರಾತ್ರಿ ಓದಲಿ ಎಂದು ಯಾರೋ ಎಣ್ಣೆಗೆ ನೆಲ ತೆಗೆದಿಟ್ಟಿದ್ದಾರೆ!

ಒಂದು ಕಾಲಕ್ಕೆ ಓದಲು ಜನ ಬರುತ್ತಿದ್ದ ಊರು. ಈಗ ಓದಿದವರು ಬಿಟ್ಟು ಹೋಗುವ ಊರು. ಆಗ ಬಂದ ಹುಡುಗರ ಅಪ್ಪಂದಿರೂ ತಮ್ಮ ತಮ್ಮ ಊರುಗಳಲ್ಲಿ ದಾರಿ ಕಾಯುತ್ತಿದ್ದರೇನೋ. ಅದನ್ನು ಯಾವ ಕಂಬವೂ ಬರೆದಿಟ್ಟಿಲ್ಲ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಹೋದ ತಿಂಗಳು ಅಪ್ಪ ಫೋನ್ ಮಾಡಿದ್ದ. "ಹೊಲ ಕೇಳಾಕ ಬಂದಾರ. ನನಗಿನ್ನ ಆಗೂದಿಲ್ಲ. ಕೊಟ್ಟು ಬಿಡೂಣೋ, ನೀ ಬರ್ತಿಯೋ?"

"ಬರ್ತೀನಿ" ಅಂದೆ. ಹಬ್ಬಕ್ಕೋ, ಕಾಯಂ ಆಗಿಯೋ ಅಂತ ಅಪ್ಪ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊಳ್ಳುವವರು ಯುಗಾದಿ ತನಕ ಟೈಮು ಕೊಟ್ಟಿದ್ದಾರೆ. ಬೆಂಗಳೂರಿನ ಗಡಿಯಾರದಲ್ಲಿ ಅದು ಬಹಳ ದೂರವೇನಲ್ಲ.

ಕಾಲದ ಬಗ್ಗೆ ನಿಮ್ಮ ತಲೆ ಕೆಡಿಸಿದ ಸಿನೆಮಾ ಯಾವುದು? ಕನ್ನಡದ್ದಿದ್ದರೆ ಇನ್ನೂ ಖುಷಿ. ಹೇಳಿ, ಊರಿಗೆ ಹೋಗುವ ರೈಲಿನಲ್ಲಿ ನೋಡುತ್ತೇನೆ.