ವಿಜ್ಞಾನಕ್ಕೂ ಒಬ್ಬ ವಕೀಲ ಬೇಕು

‘ಲಾಬಿ’ ಅನ್ನೋ ಪದ ನಮ್ಮ ಪತ್ರಿಕೆಗಳಲ್ಲಿ ಯಾವಾಗ ಕಾಣಿಸುತ್ತೆ, ಗಮನಿಸಿದ್ದೀರಾ? ಸಂಪುಟ ವಿಸ್ತರಣೆ ಹತ್ತಿರ ಬಂದಾಗ. ಶಾಸಕರು ಮಂತ್ರಿ ಸ್ಥಾನಕ್ಕಾಗಿ ದೆಹಲಿಯಲ್ಲಿ ಬೀಡುಬಿಟ್ಟರು ಅನ್ನೋ ಸುದ್ದಿಯ ಬೆನ್ನಿಗೇ ಆ ಪದವೂ ಬರುತ್ತೆ. ಹಾಗಾಗಿ, ವಿಜ್ಞಾನಿಗಳು, ಎಂಜಿನಿಯರುಗಳು ಸಂಬಳ ಕೊಟ್ಟಾದರೂ ಸರ್ಕಾರದ ಬಳಿ ಲಾಬಿ ಮಾಡಿಸಬೇಕು ಅಂತ ನಾನು ಹಾಸ್ಟೆಲ್ ಮೆಸ್ಸಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. “ವಿಜ್ಞಾನಿಗೂ ದಲ್ಲಾಳಿ ಬೇಕೇನೋ?” ಅಂತ ಒಬ್ಬ ಕೇಳಿಯೂ ಬಿಟ್ಟ.

ದಲ್ಲಾಳಿ ಬೇಡ, ವಕೀಲ ಬೇಕು ಅಂತ ನನ್ನ ವಾದ. ನಮ್ಮ ಕಡೆ ಸತ್ಯ ಇದ್ದರೂ ಕೋರ್ಟಿಗೆ ಹೋಗುವಾಗ ವಕೀಲರನ್ನು ಇಟ್ಟುಕೊಳ್ಳುತ್ತೀವಿ. ಯಾವ ಕಾಗದ ಯಾವಾಗ, ಯಾರ ಮುಂದೆ ಇಡಬೇಕು ಅನ್ನೋದು ಅವರಿಗೆ ಗೊತ್ತಿರುತ್ತೆ. ಸರ್ಕಾರದ ವಿಷಯವೂ ಹಾಗೇ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಟಾಟಾ ದುಡ್ಡು ಕೊಟ್ಟರು, ಸಂಸ್ಥೆ ಎದ್ದಿತು ಅಂತ ನಾವು ಓದಿಕೊಂಡಿದ್ದೀವಿ. ನಡೆದದ್ದು ಅಷ್ಟು ಸಲೀಸಾಗಿ ಅಲ್ಲ. ಜೆಮ್‌ಶೆಡ್‌ಜಿ ಟಾಟಾ ಅವರ ಪರವಾಗಿ ಈ ಕೆಲಸವನ್ನೇ ಹಚ್ಚಿಕೊಂಡು ಓಡಾಡಿದವರು ಬುರ್ಜೋರ್ಜಿ ಪಾದಷಾ. ಅವರು ಯುರೋಪ್, ಅಮೆರಿಕದ ವಿಶ್ವವಿದ್ಯಾಲಯಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದರು. 1898ರ ಡಿಸೆಂಬರ್ 31ರಂದು, ಲಾರ್ಡ್ ಕರ್ಜನ್ ಭಾರತಕ್ಕೆ ಬಂದಿಳಿದ ಮಾರನೇ ದಿನವೇ, ಒಂದು ನಿಯೋಗ ಅವರನ್ನು ಕಂಡಿತು. ಕರ್ಜನ್‌ಗೆ ನಂಬಿಕೆ ಬರಲಿಲ್ಲ. ಇಷ್ಟು ದೊಡ್ಡ ಸಂಸ್ಥೆಗೆ ವಿದ್ಯಾರ್ಥಿಗಳು ಸಿಗುತ್ತಾರಾ, ಕಲಿತವರಿಗೆ ಕೆಲಸ ಸಿಗುತ್ತಾ ಅನ್ನೋ ಅನುಮಾನ. ಆಮೇಲೆ ವಿಲಿಯಂ ರಾಮ್ಸೆ ಬಂದು ಬೆಂಗಳೂರನ್ನು ಸೂಚಿಸಿದರು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ನಡುವೆ ಮತ್ತೊಂದು ಸಮಿತಿ, ಮತ್ತಷ್ಟು ಪತ್ರವ್ಯವಹಾರ. 1904ರಲ್ಲಿ ಟಾಟಾ ತೀರಿಕೊಂಡರು. ಸರ್ಕಾರದ ಅಂತಿಮ ಆದೇಶ ಬಂದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ದುಡ್ಡಿತ್ತು, ಒಳ್ಳೆ ಉದ್ದೇಶವಿತ್ತು. ಆದರೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆನ್ನು ಬಿಡದೆ ಹಿಂದೆ ಬೀಳೋರು ಬೇಕಾಯ್ತು.

ಅಂಥ ಆಳು ಇಲ್ಲದಿದ್ದರೆ ಏನಾಗುತ್ತೆ ಅನ್ನೋದನ್ನ ನಮ್ಮ ಮನೆಯಲ್ಲೇ ನೋಡಿದ್ದೀನಿ. ನನ್ನ ದೊಡ್ಡಪ್ಪನ ಮಗಳು, ನಾನು ಅಕ್ಕ ಅಂತ ಕರೆಯೋದು, 2018ರಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದಳು. ಆಗ ಜೆಆರ್‌ಎಫ್ ತಿಂಗಳಿಗೆ 25,000 ರೂಪಾಯಿ. 2014ರಿಂದ ಒಂದು ರೂಪಾಯಿಯೂ ಏರಿರಲಿಲ್ಲ. ದೇಶದ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಫಲಕ ಹಿಡಿದು ನಿಂತರು, ಅಕ್ಕನೂ ನಿಂತಳು. 2019ರ ಜನವರಿಯಲ್ಲಿ ಅದು 31,000 ಆಯ್ತು, 2023ರಲ್ಲಿ 37,000. ಹೋರಾಟ ಗೆದ್ದಿತು ಅಂತ ಖುಷಿಪಡಬಹುದು. ಆದರೆ ಆ ತಿಂಗಳುಗಳಲ್ಲಿ ಅಕ್ಕ ಪ್ರಯೋಗ ಬಿಟ್ಟು ಮನವಿ ಪತ್ರ ಬರೀತಿದ್ದಳು, ಸಚಿವಾಲಯಕ್ಕೆ ಇಮೇಲ್ ಕಳಿಸ್ತಿದ್ದಳು. “ಕಾಲಮ್ ಹಾಕೋದು ಗೊತ್ತು ಕಣೋ, ಫೈಲ್ ಯಾವ ಮೇಜಿನ ಮೇಲಿದೆ ಅಂತ ಹುಡುಕೋದು ನಂಗೆ ಗೊತ್ತಿಲ್ಲ” ಅಂತಿದ್ದಳು. ಬೆಲೆ ಏರಿದಂತೆ ಫೆಲೋಶಿಪ್ಪೂ ತಾನಾಗೇ ಏರಬೇಕು ಅನ್ನೋ ನಿಯಮ ತರಿಸೋದಕ್ಕೆ ನಾಲ್ಕು ದಿನದ ಧರಣಿ ಸಾಲದು. ವರ್ಷಪೂರ್ತಿ ಅದೇ ಕೆಲಸ ಮಾಡೋರು ಬೇಕು.

ಸಂಘಟಿತರಾಗಿ ಕೇಳಿದರೆ ಎಷ್ಟು ಬೇಗ ಕೆಲಸ ಆಗುತ್ತೆ ಅನ್ನೋದಕ್ಕೆ ಡ್ರೋನ್ ನಿಯಮಗಳೇ ಸಾಕ್ಷಿ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ 25 ಬಗೆಯ ಅರ್ಜಿಗಳು, 72 ಬಗೆಯ ಶುಲ್ಕಗಳು. ಸ್ಟಾರ್ಟಪ್‌ಗಳು, ಶಿಕ್ಷಣ ಸಂಸ್ಥೆಗಳು, ಬಳಕೆದಾರರು ಆಕ್ಷೇಪಿಸಿದರು. ಆಗಸ್ಟ್‌ನಲ್ಲಿ ಹೊಸ ನಿಯಮಗಳೇ ಬಂದವು: ಅರ್ಜಿಗಳು 5, ಶುಲ್ಕಗಳು 4. ನಮ್ಮ ಕಾಲೇಜಿನ ಹುಡುಗರು ಇವತ್ತು ಕ್ವಾಡ್‌ಕಾಪ್ಟರ್ ಜೋಡಿಸಿ ಹಾರಿಸುವಾಗ ಆ ಬದಲಾವಣೆಯ ಫಲವನ್ನೂ ಉಣ್ಣುತ್ತಿದ್ದಾರೆ.

ಇದಕ್ಕೊಂದು ನ್ಯಾಯವಾದ ಆಕ್ಷೇಪಣೆ ಇದೆ. ಲಾಬಿ ಮಾಡೋದು ದುಡ್ಡಿದ್ದವರ ಆಟ, ವಿಜ್ಞಾನವೂ ಆ ಕೊಚ್ಚೆಗೆ ಇಳಿಯಬೇಕಾ? ನಾವು ಇಳಿಯದಿದ್ದರೆ ಆಟ ನಿಲ್ಲಲ್ಲ, ನಮ್ಮ ಪಾಲಿನ ಜಾಗ ಖಾಲಿ ಇರುತ್ತೆ ಅಷ್ಟೇ. ಬೇಕಾದದ್ದು ಬೆಳಕು. ಅಮೆರಿಕದಲ್ಲಿ 1995ರ ಕಾನೂನಿನ ಪ್ರಕಾರ ಲಾಬಿ ಮಾಡುವವರು ಹೆಸರು ನೋಂದಾಯಿಸಿ, ಯಾರ ಪರ, ಯಾವ ವಿಷಯಕ್ಕೆ, ಎಷ್ಟು ಹಣ ಅಂತ ಬಹಿರಂಗಪಡಿಸಬೇಕು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಅದಿಲ್ಲದೇ ಇರೋದರಿಂದಲೇ ಲಾಬಿ ಅಂದರೆ ಕದ್ದುಮುಚ್ಚಿ ಮಾಡುವ ಕೆಲಸ ಅನ್ನಿಸಿಕೊಂಡಿದೆ.

ನಾವೆಲ್ಲ ಸರ್ಟಿಫಿಕೇಟ್‌ಗೋಸ್ಕರ ಸೇರೋ ಐಇಇಇ ಗೊತ್ತಲ್ಲ? ಅದರ ಅಮೆರಿಕ ವಿಭಾಗ ವಾಷಿಂಗ್ಟನ್‌ನಲ್ಲಿ ಸಿಬ್ಬಂದಿ ಇಟ್ಟುಕೊಂಡು ಎಂಜಿನಿಯರುಗಳ ಪರ ವಾದ ಮಾಡುತ್ತೆ. ನಮ್ಮ ಸೀನಿಯರ್‌ಗಳು ಕಾಯ್ತಾ ಕೂತಿರೋ ಎಚ್‌-1ಬಿ ವೀಸಾ ಹೇಗಿರಬೇಕು ಅನ್ನೋದರಲ್ಲೂ ಅದು ಬಾಯಿ ಹಾಕುತ್ತೆ. ಅಂದರೆ ನಮ್ಮ ಭವಿಷ್ಯದ ಬಗ್ಗೆ ಲಾಬಿ ಆಗಲೇ ನಡೀತಿದೆ, ಅಲ್ಲಿನ ಎಂಜಿನಿಯರುಗಳ ಪರವಾಗಿ. ಇಲ್ಲಿ ನಮ್ಮ ಪರವಾಗಿ ಯಾರು?

ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅಂತಾರೆ. ಸರ್ಕಾರ ತಾಯಿಯಂತೂ ಅಲ್ಲ. ನಮ್ಮ ತರಗತಿಯಿಂದ ನೂರು ಜನ ಕೋಡಿಂಗ್‌ಗೆ ಹೋಗಲಿ, ಹತ್ತು ಜನ ಸಂಶೋಧನೆಗೆ ಹೋಗಲಿ. ಒಬ್ಬರಾದರೂ ಕರಡು ಮಸೂದೆ ಓದಿ, ವಿಧಾನಸೌಧದ ಮೆಟ್ಟಿಲು ಹತ್ತಿ, ಉಳಿದವರ ಪರ ಮಾತಾಡೋದನ್ನೇ ವೃತ್ತಿ ಮಾಡಿಕೊಳ್ಳಲಿ. ಅದೂ ಎಂಜಿನಿಯರಿಂಗೇ.