ಮಾದಪ್ಪನ ಬೆಟ್ಟಕ್ಕೆ ಮೊಮ್ಮಕ್ಕಳೊಡನೆ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ನಮ್ಮೂರು. ಅರಿಶಿನ, ಬಾಳೆ, ತೆಂಗುಗಳನ್ನು ನಂಬಿ ಬದುಕುವ ಈ ಸೀಮೆಯ ಮನೆಗಳಲ್ಲಿ ಮಗುವಿನ ಮುಡಿಯ ಮಾತು ಬಂದೊಡನೆ ಮಲೆ ಮಹದೇಶ್ವರ ಬೆಟ್ಟವೇ ಕಣ್ಣ ಮುಂದೆ ನಿಲ್ಲುತ್ತದೆ. ನನ್ನ ಮೊಮ್ಮಗಳ ಮುಡಿಯ ಹರಕೆಯೂ ಅಲ್ಲಿಗೇ ಆಗಿತ್ತು. ಅವಳಿಗೆ ಆಗ ಎರಡು ವರ್ಷ, ಅವಳ ಅಣ್ಣನಿಗೆ ನಾಲ್ಕು. ಬೆಂಗಳೂರಿನಿಂದ ಮಗ ಸೊಸೆಯರು ಕಾರು ತಂದಿದ್ದರು.

ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ. ಹೀಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಮ್ಮ ಹಿರಿಯರು ಕಾಲ್ನಡಿಗೆಯಲ್ಲೋ ಎತ್ತಿನ ಗಾಡಿಯಲ್ಲೋ ಇದನ್ನು ಕ್ರಮಿಸುತ್ತಿದ್ದರು. ದಣಿದಲ್ಲಿ ಇಳಿಯುವುದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚುವುದು, ಮಕ್ಕಳನ್ನು ಆಡಲು ಬಿಡುವುದು ಆ ಪಯಣದ ಭಾಗವೇ ಆಗಿತ್ತು. ಕಾರು ಬಂದ ಮೇಲೆ ದಾರಿ ಬೇಗ ಸಾಗಿತು, ಬಿಡುವು ಮಾತ್ರ ಕೈಬಿಟ್ಟುಹೋಯಿತು. ಅಂದು ನಾವೂ ಹತ್ತು ಗಂಟೆಯೊಳಗೆ ಬೆಟ್ಟ ಸೇರಬೇಕೆಂಬ ಆತುರದಲ್ಲಿಯೇ ಹೊರಟೆವು.

ಹಿಂದಿನ ಆಸನದಲ್ಲಿ ಮಗುವಿಗೆಂದು ಪ್ರತ್ಯೇಕ ಸೀಟನ್ನು ಬೆಲ್ಟಿನಿಂದ ಬಿಗಿದಿದ್ದರು. ನಾನು ಮುಂದೆ ಕುಳಿತು ಮೊಮ್ಮಗಳನ್ನು ಮಡಿಲಿಗೆ ತೆಗೆದುಕೊಂಡೆ. ಸೊಸೆ ಮೆಲ್ಲಗೆ, “ಅತ್ತೆ, ಅವಳ ಸೀಟಿನಲ್ಲೇ ಕೂರಿಸಿಬಿಡೋಣ” ಎಂದಳು. “ನಿನ್ನ ಗಂಡನನ್ನೂ ನಾನು ಮಡಿಲಲ್ಲೇ ಇಟ್ಟುಕೊಂಡು ಊರೂರು ತಿರುಗಿದ್ದೇನೆ ಕಣಮ್ಮಾ. ಮಗುವನ್ನು ಕಟ್ಟಿಹಾಕುವುದುಂಟೆ?” ಎಂದುಬಿಟ್ಟೆ. ಅವಳು ಮರುಮಾತಾಡಲಿಲ್ಲ.

ಸಂತೇಮರಹಳ್ಳಿ ಇನ್ನೂ ಮುಂದಿತ್ತು. ಮೇಕೆಗಳ ಹಿಂಡೊಂದು ಥಟ್ಟನೆ ರಸ್ತೆಗೆ ನುಗ್ಗಿತು. ಮಗ ಬ್ರೇಕ್ ಒತ್ತಿದನು. ಎರಡೂ ಕೈಗಳಿಂದ ತಬ್ಬಿ ಹಿಡಿದಿದ್ದ ಮಗು ನನ್ನ ಹಿಡಿತದಿಂದ ಜಾರಿ ಮುಂದಿನ ಹಲಗೆಗೆ ಹಣೆ ಬಡಿಸಿಕೊಂಡಿತು. ದಾರಿಯಲ್ಲಿ ವೈದ್ಯರಿಗೆ ತೋರಿಸಿದೆವು. ಊತವಲ್ಲದೆ ಬೇರೇನೂ ಇಲ್ಲವೆಂದೂ, ವಾಂತಿಯಾದರೆ ಅಥವಾ ಮಗು ಮಂಕಾದರೆ ತಡಮಾಡದೆ ಕರೆತರಬೇಕೆಂದೂ ಹೇಳಿದರು. ಯಾರೂ ನನ್ನನ್ನು ಒಂದು ಮಾತೂ ಆಡಲಿಲ್ಲ. ಆ ಮೌನವೇ ನನಗೆ ಭಾರವಾಯಿತು. ನಾನೇ ಮಗುವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದೆ. ಸ್ವಲ್ಪ ಅತ್ತಿತು, ಬಳಿಕ ಕಿಟಕಿಯಾಚೆ ನೋಡುತ್ತ ನಿದ್ದೆಹೋಯಿತು.

ವಾಹನ ಫಕ್ಕನೆ ನಿಂತಾಗ ಒಳಗಿರುವ ಶರೀರ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಹತ್ತು ಕಿಲೋ ತೂಕದ ಮಗು ಆ ಕ್ಷಣದಲ್ಲಿ ತನ್ನ ತೂಕದ ಅನೇಕ ಪಟ್ಟು ಬಲದಿಂದ ಸೆಳೆಯುತ್ತದೆ. ಅದನ್ನು ತಡೆಯುವ ಶಕ್ತಿ ತಾಯಿಯ ತೋಳಿಗೂ ಇಲ್ಲ, ಅಜ್ಜಿಯ ತೋಳಿಗೂ ಇಲ್ಲ. ಮುಂದಿನ ಆಸನದಲ್ಲಿ ಗಾಳಿಚೀಲ ಉಬ್ಬಿದರೆ ಮಡಿಲ ಮಗುವಿಗೆ ಅದೂ ಅಪಾಯವೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸೀಟನ್ನು ಕಡ್ಡಾಯ ಮಾಡಿ, ತಪ್ಪಿದರೆ 1000 ರೂಪಾಯಿ ದಂಡ ವಿಧಿಸಿದೆ. ದಂಡಕ್ಕಾಗಿ ಅಲ್ಲ, ಮಗುವಿಗಾಗಿ ಅದನ್ನು ಪಾಲಿಸಬೇಕೆಂಬುದು ನನಗೆ ಆ ದಾರಿಯಲ್ಲಿ ಮನವರಿಕೆಯಾಯಿತು.

ಮುಂದೆ ನಮ್ಮ ಪಯಣದ ರೀತಿಯೇ ಬದಲಾಯಿತು. ಗಂಟೆ, ಒಂದೂವರೆ ಗಂಟೆಗೊಮ್ಮೆ ನಿಂತೆವು. ಕೊಳ್ಳೇಗಾಲದಲ್ಲಿ ಇಡ್ಲಿ ತಿನ್ನಿಸಿದೆವು. ಹನೂರು ದಾಟಿದ ಮೇಲೆ ಮರದಡಿಯಲ್ಲಿ ಮಕ್ಕಳನ್ನು ಇಳಿಸಿ, ಕೈಹಿಡಿದು ಅಡ್ಡಾಡಿಸಿದೆವು. ಹತ್ತು ಗಂಟೆಯ ಆತುರವನ್ನು ಎಲ್ಲರೂ ಮರೆತೆವು.

ತಾಳಬೆಟ್ಟದಿಂದ ಮೇಲಕ್ಕೆ ತಿರುವುಗಳ ದಾರಿ. ಅಲ್ಲಿ ಮೊಮ್ಮಗನಿಗೆ ಹೊಟ್ಟೆ ತೊಳಸಿತು. ಕಿವಿಯೊಳಗಿನ ಸಮತೋಲನದ ಅಂಗ ತಿರುಗಾಟವನ್ನು ಅರಿಯುತ್ತಿರುವಾಗ, ಕಣ್ಣು ಕಾರಿನೊಳಗಿನ ನಿಶ್ಚಲ ವಸ್ತುಗಳನ್ನೇ ಕಾಣುತ್ತಿದ್ದರೆ ಮಿದುಳಿಗೆ ಗೊಂದಲವಾಗಿ ವಾಕರಿಕೆ ಬರುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಎರಡರಿಂದ ಹನ್ನೆರಡರ ಮಕ್ಕಳಲ್ಲಿ ಹೆಚ್ಚು. ಅವನ ಕೈಯಿಂದ ಮೊಬೈಲನ್ನು ತೆಗೆದು, ಕಿಟಕಿಯನ್ನು ತುಸು ಇಳಿಸಿ, ದೂರದ ಬೆಟ್ಟಗಳನ್ನು ನೋಡಲು ಹೇಳಿದೆವು. ಕ್ರಮೇಣ ಸರಿಹೋಯಿತು. ಎಣ್ಣೆತಿಂಡಿಯನ್ನು ಕೊಡದಿದ್ದುದೂ ಒಳ್ಳೆಯದಾಯಿತು. ಇದು 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು. ಆನೆಗಳ ನಾಡಿನಲ್ಲಿ ಮಕ್ಕಳನ್ನು ಕಂಡಕಂಡಲ್ಲಿ ಇಳಿಸುವಂತಿಲ್ಲ. ವಿರಾಮವೆಲ್ಲವೂ ತಾಳಬೆಟ್ಟಕ್ಕೆ ಮೊದಲೇ ಆಗಬೇಕು. ಹಾಗೆಯೇ ಗುಂಡ್ಲುಪೇಟೆಯಿಂದ ಬಂಡೀಪುರದ ಮಾರ್ಗವಾಗಿ ಹೋಗುವ ಕುಟುಂಬಗಳು ಅಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಸಂಚಾರ ನಿಷೇಧವಿರುವುದನ್ನು ನೆನಪಿಟ್ಟು ಹೊರಡಬೇಕು. ಇಲ್ಲವಾದರೆ ಎಳೆಯ ಮಕ್ಕಳೊಡನೆ ಗೇಟಿನ ಬಳಿ ಬೆಳಗು ಕಾಯಬೇಕಾದೀತು.

ಆ ಏರುದಾರಿಯಲ್ಲಿ “ಉಘೇ ಮಾದಪ್ಪ” ಎನ್ನುತ್ತ ಕಾಲ್ನಡಿಗೆಯಲ್ಲಿ ಸಾಗುತ್ತಿದ್ದ ಭಕ್ತರ ನಡುವೆ ಒಬ್ಬ ತಾಯಿಯನ್ನು ಕಂಡೆ. ಹಳೆಯ ಸೀರೆಯ ತುಂಡಿನಿಂದ ಕೂಸನ್ನು ಬೆನ್ನಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಕೂಸು ನಿಶ್ಚಿಂತೆಯಿಂದ ಮಲಗಿತ್ತು. ಬೆಳಿಗ್ಗೆ ನಾನಾಡಿದ ಮಾತು ನೆನಪಾಗಿ ನಾಚಿಕೆಯಾಯಿತು. ಹುಟ್ಟಿದ ಮಗುವಿಗೆ ಲಿಂಗ ಕಟ್ಟುವ ಮನೆತನದವಳು ನಾನು. ಕಟ್ಟು ಎಂದರೆ ಸೆರೆಯಲ್ಲ, ಕಾಪು ಎಂಬುದನ್ನು ನಾನಲ್ಲವೆ ಮೊದಲು ಅರಿಯಬೇಕಾಗಿದ್ದುದು? ಪಕ್ಕಕ್ಕೆ ತಿರುಗಿ ಸೊಸೆಗೆ, “ನೀನು ಹೇಳಿದ್ದೇ ಸರಿ ಕಣಮ್ಮಾ” ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

ಬೆಟ್ಟ ತಲುಪಿದಾಗ ಮಧ್ಯಾಹ್ನವಾಗಿತ್ತು. ಮಲಗಿದ್ದ ಮಗುವನ್ನು ಕಾರಿನಲ್ಲಿಯೇ ಬಿಟ್ಟು ಕಾಣಿಕೆಯ ಸಾಮಾನು ತರೋಣವೆಂದು ಮಗ ಹೇಳಿದನು. ಈ ಬಾರಿ ತಡೆದವಳು ನಾನು. ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿಯೇ ಶಾಖ ಹತ್ತು ಡಿಗ್ರಿಯಷ್ಟು ಏರಬಲ್ಲದು. ಎಳೆಯ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಕ್ಷಣಕಾಲವಾದರೂ ಸರಿ, ಮಗುವನ್ನು ಒಳಗೆ ಬಿಡಬಾರದು. ಎತ್ತಿಕೊಂಡೇ ಹೋದೆವು.

ಮುಡಿ ಕೊಟ್ಟು, ದರ್ಶನ ಮಾಡಿ, ರಾತ್ರಿ ಅಲ್ಲಿಯೇ ತಂಗಿ, ಮರುದಿನ ನಿಧಾನವಾಗಿ ಊರಿಗೆ ಮರಳಿದೆವು. ಮಗುವಿನ ಹಣೆಯ ಊತ ವಾರದೊಳಗೆ ಇಳಿಯಿತು.

ಹಬ್ಬ ಜಾತ್ರೆಗಳಿಗೆ ಮಕ್ಕಳೊಡನೆ ಹೊರಡುವ ನಮ್ಮ ಮನೆಗಳ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಮಡಿಲು ಮನೆಯಲ್ಲಿರಲಿ, ಮರದ ನೆರಳಿನಲ್ಲಿರಲಿ, ಕಾರು ಚಲಿಸುವಾಗ ಮಾತ್ರ ಮಗು ತನ್ನ ಸೀಟಿನಲ್ಲಿರಲಿ. ಹರಕೆ ಒಂದು ಗಂಟೆ ತಡವಾದರೆ ಮಾದಪ್ಪ ಮುನಿಯುವುದಿಲ್ಲ.