ಹರಿಹರದ ಲೇಥಿನಲ್ಲಿ ಮಾರುತ್‌ನ ಮೂಗು

ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರು. ಬೆಣ್ಣೆದೋಸೆಯ ಜಿಡ್ಡು ಬೆರಳಿಂದ ಹೋಗುವುದರೊಳಗೆ ಬಸ್ಸು ತುಂಗಭದ್ರೆಯ ದಡ ಮುಟ್ಟಿಸುತ್ತದೆ. ಇದನ್ನೂ ಪ್ರವಾಸ ಅಂತ ಬರೆಯುತ್ತೀಯಾ ಎಂದು ನಗುವವರಿದ್ದಾರೆ, ನಗಲಿ. ಪಕ್ಕದಲ್ಲಿ ಕೂತ ಗೆಳೆಯನ ತೊಡೆಯ ಮೇಲಿನ ಚಪ್ಪಲಿ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಒಂದು ಯುದ್ಧವಿಮಾನ ಮಲಗಿತ್ತು. ರೋಡ್ ಹಂಪ್ ಬಂದಾಗಲೆಲ್ಲ ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿಯುತ್ತಿದ್ದ. ಕಂಡಕ್ಟರ್ ಏನಂದುಕೊಂಡನೋ, ಲಗೇಜು ಕೇಳಲಿಲ್ಲ.

ವಿಮಾನದ ಹೆಸರು ಎಚ್‌ಎಫ್-24 ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನವರ ಜೊತೆ ಕೂತು ರೂಪಿಸಿದ್ದು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಸಲ ಹಾರಿಸಿದರು. ಅದಕ್ಕೂ ಮುಂಚೆ, 1959ರಲ್ಲಿ, ಇದೇ ಆಕಾರದ, ಇದೇ ಅಳತೆಯ ಮರದ ಗ್ಲೈಡರೊಂದನ್ನು ಮಾಡಿ, ಡಕೋಟಾ ವಿಮಾನದ ಹಿಂದೆ ಕಟ್ಟಿ ಆಕಾಶಕ್ಕೆ ಎಳೆದೊಯ್ದಿದ್ದರು. ಎಂಜಿನ್ನಿಲ್ಲದ ಮರದ ಮಾದರಿ, ಒಳಗೆ ಜೀವಂತ ಪೈಲಟ್! ನನಗೆ ಜೆಟ್ಟಿಗಿಂತ ಅದೇ ದೊಡ್ಡ ಸೋಜಿಗ.

ಗೆಳೆಯನದು 72ರಲ್ಲಿ ಒಂದು ಪಾಲಿನ ಮಾದರಿ. ನಿಜವಾದ ಮಾರುತ್ 15.87 ಮೀಟರ್ ಉದ್ದ, ಇವನದು 22 ಸೆಂಟಿಮೀಟರು. ಅಂಟಿಸುವುದು, ಉಜ್ಜುವುದು, ಬಣ್ಣ ಬಳಿಯುವುದು ಎಲ್ಲ ಮುಗಿದು ಕೊನೆಯ ಕುಸುರಿ ಮಾತ್ರ ಉಳಿದಿತ್ತು. ಈ ಕುಸುರಿಯೇ ಜೀವ ತಿನ್ನುವ ಕೆಲಸ. ವಾಯುಪಡೆಯ ಮೂರು ಬಣ್ಣದ ಚಕ್ರದ ಗುರುತನ್ನು ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ, ರೆಕ್ಕೆಯ ಮೇಲೆ ಕೂರಿಸಬೇಕು. ತಗಡಿನ ಬೆಸುಗೆಯಂತೆ ಕಾಣುವ ಗೀರುಗಳಿಗೆ ತೆಳು ಮಾಡಿದ ಕಪ್ಪು ಬಣ್ಣವನ್ನು ಕುಂಚದ ತುದಿಯಿಂದ ಮುಟ್ಟಿಸಿದರೆ ಸಾಕು, ಅದು ತಾನಾಗಿ ಗೀರಿನುದ್ದ ಓಡುತ್ತದೆ. ನೋಡುತ್ತ ಕೂತರೆ ಊಟ ಮರೆತುಹೋಗುತ್ತದೆ. ಮೂಗಿನ ಬಳಿ ನಾಲ್ಕು ಫಿರಂಗಿಗಳು. ಅಸಲಿನಲ್ಲಿ 30 ಮಿಲಿಮೀಟರಿನ ಬಾಯಿ, ಇಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ. ಇಂಜೆಕ್ಷನ್ ಸೂಜಿ ತುಂಡರಿಸಿ ಕೂರಿಸಿದ್ದ. ಇಷ್ಟು ಮೆಡಿಕಲ್ ಶಾಪುಗಳಿರುವ ದಾವಣಗೆರೆಯಲ್ಲಿ ಸೂಜಿಗೇನು ಬರ! 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ಹಾರಿದ ವಿಮಾನವಾದ್ದರಿಂದ ಫಿರಂಗಿಗಳ ಹಿಂದೆ ಒಂದಿಷ್ಟು ಮಸಿಯನ್ನೂ ತೀಡಿದ್ದ.

ಉಳಿದದ್ದು ಪಿಟೋ ನಳಿಗೆ, ಮೂಗಿನ ತುದಿಯಿಂದ ಮುಂದೆ ಚಾಚಿರುವ ಕಡ್ಡಿ. ಅದನ್ನು ಕಡೆಸಲೆಂದೇ ಹರಿಹರ.

ಮೊದಲು ಹರಿಹರೇಶ್ವರನ ಗುಡಿಗೆ ಹೋದೆವು. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಒಳಗೆ ಅರ್ಧ ಹರ, ಅರ್ಧ ಹರಿ. ಕೈಮುಗಿದು ಮಂಟಪಕ್ಕೆ ಬಂದರೆ ಗೆಳೆಯ ಕಂಬವೊಂದಕ್ಕೆ ಕೆನ್ನೆ ಹಚ್ಚಿ ಒಂದೇ ಕಣ್ಣಲ್ಲಿ ನೋಡುತ್ತ ನಿಂತಿದ್ದ. ತಿರುಗಣಿಗೆ ಕೊಟ್ಟು ಕಡೆದ ಕಂಬಗಳವು. ಕಲ್ಲು ತಿರುಗುತ್ತಿರಬೇಕು, ಉಳಿ ನಿಂತಿರಬೇಕು. ಬಳೆಯ ಮೇಲೆ ಬಳೆ, ನಡುವೆ ಚಾಕುವಿನ ಅಲಗಿನಂಥ ಅಂಚು. ಬೆರಳಿಟ್ಟು ಸುತ್ತು ಹಾಕಿದೆ, ಎಲ್ಲೂ ಏರಿಲ್ಲ, ಇಳಿವಿಲ್ಲ. ಎಂಟುನೂರು ವರ್ಷದ ಹಿಂದಿನ ಲೇಥ್ ಕೆಲಸ!

ಅದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ಲೇಥುಗಳನ್ನೇ ತಯಾರಿಸಿತು. ಆ ಜಾಗಕ್ಕೆ ಯಂತ್ರಾಪುರ ಎಂದೇ ಹೆಸರಾಯಿತು. ಅದರ ಹಿಂದಿನ ವರ್ಷದ ಡಿಸೆಂಬರಿನಲ್ಲಿ ಇದೇ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ, ಮುಂದೆ ಎಚ್‌ಎಎಲ್ ಆದ ವಿಮಾನ ಕಾರ್ಖಾನೆ ಹುಟ್ಟಿತ್ತು. ಕಿರ್ಲೋಸ್ಕರ್ ಬಾಗಿಲು ಮುಚ್ಚಿ ವರ್ಷಗಳೇ ಕಳೆದಿವೆ. ಅಲ್ಲಿ ಪಳಗಿದ ಕೈಗಳು ಇನ್ನೂ ಊರಲ್ಲಿವೆ.

ಅಂಥ ಒಂದು ಕೈ ನಮಗೆ ಗಲ್ಲಿಯ ಶೆಡ್ಡಿನಲ್ಲಿ ಸಿಕ್ಕಿತು. ಗೆಳೆಯನ ಚಿತ್ರ ನೋಡಿ ಹಿರಿಯರು ಕನ್ನಡಕ ಏರಿಸಿದರು.

“ಏನ್ ತಮ್ಮಾ ಇದು, ಸೂಜೀನಾ?”

“ವಿಮಾನದ ಮೂಗಿನ ಕಡ್ಡಿ, ಯಜಮಾನ್ರೇ. ಇದರ ಬಾಯಿಗೆ ಬಡಿಯೋ ಗಾಳಿ ಒತ್ತಡದಾಗೆ ವಿಮಾನ ಎಷ್ಟು ಸ್ಪೀಡ್ ಐತೆ ಅಂತ ಗೊತ್ತಾಗುತ್ತೆ.”

“ಹಂಗಾದ್ರೆ ತೂತು ಬ್ಯಾಡ್ವಾ?”

ಗೆಳೆಯ ತೂತಿನ ಆಸೆಯನ್ನೇ ಬಿಟ್ಟಿದ್ದ. ಯಜಮಾನರು ಪುಟ್ಟ ಲೇಥಿಗೆ ಹಿತ್ತಾಳೆ ಕಡ್ಡಿ ಕಚ್ಚಿಸಿ, ಚಕ್ಕಿನಿಂದ ಒಂದಿಷ್ಟೇ ಹೊರಗೆ ಬಿಟ್ಟರು. ಮೊದಲು ತುದಿ ಕಡೆದರು. ಆಮೇಲೆ ಇನ್ನೊಂದಿಷ್ಟು ಎಳೆದು ಮುಂದಿನ ಭಾಗ. ಒಮ್ಮೆಗೇ ಉದ್ದ ಬಿಟ್ಟರೆ ಟೂಲ್ ತಾಗಿದ ಕೂಡಲೇ ಕಡ್ಡಿ ಬಾಗುತ್ತದಂತೆ. ಹಿತ್ತಾಳೆ ಸುರುಳಿಯಾಗದೆ ಹೊನ್ನಿನ ಹುಡಿಯಾಗಿ ಉದುರುತ್ತಿತ್ತು. ಕೊನೆಗೆ ಭೂತಗನ್ನಡಿ ಹಿಡಿದು ನೋಡಿದರೆ ದಪ್ಪ ಭಾಗ ತೆಳುವಾಗುವಲ್ಲಿ ಒಂದು ಮೆಟ್ಟಿಲು, ಅದರ ಮೇಲೆ ಕಂಬದಲ್ಲಿ ಕಂಡಂಥದೇ ಬಳೆ. ತುದಿಯಲ್ಲಿ, ನಂಬಿದರೆ ನಂಬಿ, ತೂತಿನ ಚುಕ್ಕೆ.

ನಳಿಗೆಯನ್ನು ಅಲ್ಲೇ ಕೂರಿಸಲು ಗೆಳೆಯ ಒಪ್ಪಲಿಲ್ಲ. ಫೆವಿಕ್ವಿಕ್ಕಿನ ಆವಿ ತಾಗಿದರೆ ಪೈಲಟ್ಟಿನ ಗಾಜು ಬಿಳಿಚಿಕೊಳ್ಳುತ್ತದೆ, ಮನೆಯಲ್ಲಿ ಗಾಜಿಗೆ ಟೇಪು ಸುತ್ತಿಯೇ ಆ ಕೆಲಸ ಎಂದ. ನಳಿಗೆಯನ್ನು ಬೆಂಕಿಪೊಟ್ಟಣಕ್ಕೆ ಹಾಕಿ ಜೇಬಿಗಿಳಿಸಿದ. ದಾವಣಗೆರೆಗೆ ಹೋಗುವ ಬಸ್ಸು ಹತ್ತುವಾಗ ಮುಂದಿನದು ಆ ಮರದ ಗ್ಲೈಡರು ಎಂದು ತೀರ್ಮಾನವಾಯಿತು. ಯಾವ ಮರ ಎಂಬ ಜಗಳ ಇನ್ನೂ ನಡೆದಿದೆ: ನಾನು ಚನ್ನಪಟ್ಟಣದ ಗೊಂಬೆಯ ಹಾಲೆಮರ ಅಂತೀನಿ, ಅವನು ಬಾಲ್ಸಾ ಅಂತಾನೆ.